ಪಾಲಿಬೆಟ್ಟದ ಹುಡುಗ, ಲಂಡನ್ನಿನ ವೀರ

ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸುವ ಸೈನಿಕ ಮನೆಮನೆಯ ಮಾತಾದದ್ದು ಹೇಗೆ? ಅವನ ಚಿತ್ರವನ್ನು ಬರೆದವರು ಯಾರು, ಅದರಿಂದ ಹೊರಗುಳಿದವರು ಯಾರು? ಕೊಡಗಿನ ಕಾಫಿ ತೋಟದಲ್ಲಿ ಹುಟ್ಟಿದ ಒಬ್ಬ ಪೈಲಟ್‌ನ ಬದುಕು ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ.

1916ರ ಸೆಪ್ಟೆಂಬರ್ 2ರ ಶನಿವಾರ ರಾತ್ರಿ ಜರ್ಮನಿಯ 16 ವಾಯುನೌಕೆಗಳು ಇಂಗ್ಲೆಂಡಿನ ಮೇಲೆ ಬಾಂಬು ಹಾಕಲು ಹೊರಟವು. ಅಷ್ಟು ದೊಡ್ಡ ವಾಯುನೌಕೆ ದಾಳಿ ಆ ಯುದ್ಧದಲ್ಲಿ ಮತ್ತೆಂದೂ ನಡೆಯಲಿಲ್ಲ. ನಡುರಾತ್ರಿ ಕಳೆದು ಎರಡು ಗಂಟೆ ದಾಟಿದ ಮೇಲೆ, ಲಂಡನ್ನಿನ ಉತ್ತರ ದಿಕ್ಕಿನ ಆಕಾಶದಲ್ಲಿ ಅವುಗಳಲ್ಲೊಂದು ಹೊತ್ತಿಕೊಂಡಿತು. ಮೈಲಿಗಟ್ಟಲೆ ದೂರದವರೆಗೂ ಕಾಣುವಂತೆ ಉರಿಯುತ್ತಾ ನಿಧಾನವಾಗಿ ಕೆಳಗಿಳಿದು, ಕಫ್ಲಿ ಎಂಬ ಹಳ್ಳಿಯ ಬಳಿ ಬಿತ್ತು. ಲಂಡನ್ನಿನ ಜನ ಹಾಸಿಗೆಯಿಂದೆದ್ದು ಬೀದಿಗೆ ಬಂದರು. ಕೂಗಿದರು, ಕುಣಿದರು, ರಾಷ್ಟ್ರಗೀತೆ ಹಾಡಿದರು. ರೈಲು ಎಂಜಿನ್‌ಗಳು ಸಿಳ್ಳೆ ಹಾಕಿದವು, ಥೇಮ್ಸ್ ನದಿಯ ಹಡಗುಗಳು ಸೈರನ್ ಮೊಳಗಿಸಿದವು.

ಅದನ್ನು ಹೊಡೆದುರುಳಿಸಿದವನು 21 ವರ್ಷದ ಲೆಫ್ಟಿನೆಂಟ್ ವಿಲಿಯಂ ಲೀಫ್ ರಾಬಿನ್ಸನ್. ಹುಟ್ಟಿದ್ದು 1895ರ ಜುಲೈ 14ರಂದು, ಕೊಡಗಿನ ಪಾಲಿಬೆಟ್ಟದಲ್ಲಿದ್ದ ತಂದೆಯ ಕಾಫಿ ತೋಟದಲ್ಲಿ. ಏಳು ಮಕ್ಕಳಲ್ಲಿ ಕಿರಿಯವನು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮುಂದಿನ ಓದಿಗೆ ಇಂಗ್ಲೆಂಡಿಗೆ ಹೋದ. ಯುದ್ಧ ಶುರುವಾದ 1914ರ ಆಗಸ್ಟ್‌ನಲ್ಲೇ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜು ಸೇರಿದ. ಮರುವರ್ಷ ವಿಮಾನದಲ್ಲಿ ವೀಕ್ಷಕನಾಗಿ ಫ್ರಾನ್ಸಿಗೆ ಹೋಗಿ, ಗಾಯಗೊಂಡು, ಚೇತರಿಸಿಕೊಂಡ ಮೇಲೆ ಪೈಲಟ್ ಆದ. ಆ ರಾತ್ರಿಯವರೆಗೆ ಅವನ ಹೆಸರು ಮನೆಯವರಿಗೆ ಮತ್ತು ಸ್ಕ್ವಾಡ್ರನ್ನಿನ ಜೊತೆಗಾರರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಇಡೀ ಬ್ರಿಟನ್ನಿಗೆ ಗೊತ್ತಾಗಿತ್ತು.

ಬೆರಗು ಮತ್ತು ಭಯ

ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದಾಗ ವಿಮಾನ ಗಾಳಿಯಲ್ಲಿದ್ದದ್ದು 12 ಸೆಕೆಂಡು, ಸಾಗಿದ್ದು 120 ಅಡಿ. ಆರು ವರ್ಷ ತುಂಬುವ ಮೊದಲೇ, 1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೆರಿಯೊ ಇಂಗ್ಲಿಷ್ ಕಾಲುವೆ ದಾಟಿ ಇಂಗ್ಲೆಂಡಿನಲ್ಲಿಳಿದ. ಅವನಿಗೆ 1,000 ಪೌಂಡ್ ಬಹುಮಾನ ಕೊಟ್ಟದ್ದು ‘ಡೈಲಿ ಮೇಲ್’ ಪತ್ರಿಕೆ. ವಿಮಾನಕ್ಕೂ ಪತ್ರಿಕೆಗೂ ನಂಟು ಬೆಳೆದದ್ದು ಹೀಗೆ. ಹಾರಾಟದ ಸುದ್ದಿಗೆ ಓದುಗರು ಮುಗಿಬೀಳುತ್ತಿದ್ದರು, ಹೀಗಾಗಿ ಹಾರಾಟಗಾರರ ಮೇಲೆ ಪತ್ರಿಕೆಗಳೇ ಹಣ ಹೂಡುತ್ತಿದ್ದವು.

ಜರ್ಮನ್ನರು ಬೆರಗಾದದ್ದು ಕೌಂಟ್ ಜೆಪೆಲಿನ್ ಕಟ್ಟಿದ ವಾಯುನೌಕೆಗಳಿಗೆ. 1908ರ ಆಗಸ್ಟ್ 5ರಂದು ಅವನ ನಾಲ್ಕನೆಯ ವಾಯುನೌಕೆ ಎಖ್ಟರ್ಡಿಂಗನ್ ಎಂಬಲ್ಲಿ ಬಿರುಗಾಳಿಗೆ ಸಿಕ್ಕಿ ಸುಟ್ಟುಹೋಯಿತು. ಆ ಮುದುಕನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೇಶದ ಮೂಲೆಮೂಲೆಯಿಂದ ಜನ ತಾವಾಗಿಯೇ ಕಳಿಸಿದ ದೇಣಿಗೆ 60 ಲಕ್ಷ ಮಾರ್ಕ್ ದಾಟಿತು. ಅವರ ಪಾಲಿಗೆ ಅದು ದೇಶದ ಗೌರವವಾಗಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಚ್.ಜಿ. ವೆಲ್ಸ್ ಬರೆದ ‘ದಿ ವಾರ್ ಇನ್ ದಿ ಏರ್’ ಕಾದಂಬರಿ ಪ್ರಕಟವಾಯಿತು. ಜರ್ಮನ್ ವಾಯುನೌಕೆಗಳು ನ್ಯೂಯಾರ್ಕ್ ನಗರವನ್ನು ಸುಡುವ ಕಥೆ ಅದು. ಒಂದು ದೇಶ ಹೆಮ್ಮೆಯಿಂದ ಕಟ್ಟುತ್ತಿದ್ದ ವಸ್ತು ಪಕ್ಕದ ದೇಶದ ನಿದ್ದೆ ಕೆಡಿಸತೊಡಗಿತ್ತು.

ಕಥೆ ನಿಜವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1911ರ ನವೆಂಬರ್ 1ರಂದು ಇಟಲಿಯ ಲೆಫ್ಟಿನೆಂಟ್ ಜ್ಯೂಲಿಯೊ ಗವೋತಿ ಲಿಬಿಯಾದಲ್ಲಿ ಹಾರುತ್ತಾ, ಟ್ರಿಪೊಲಿ ಬಳಿಯ ಐನ್ ಝಾರಾ ಓಯಸಿಸ್ ಮೇಲೆ ಕೈಯಿಂದಲೇ ಸಣ್ಣ ಬಾಂಬುಗಳನ್ನು ಎಸೆದ. ಯುದ್ಧದಲ್ಲಿ ವಿಮಾನದಿಂದ ಬಾಂಬು ಬಿದ್ದದ್ದು ಅದೇ ಮೊದಲು. ಮುಂದೆ 1915ರ ಜನವರಿ 19ರ ರಾತ್ರಿ ಜೆಪೆಲಿನ್‌ಗಳು ಇಂಗ್ಲೆಂಡಿನ ಪೂರ್ವ ಕರಾವಳಿಗೆ ಬಂದವು, ಮೇ 31ರಂದು ಲಂಡನ್ನಿಗೇ ಬಂದವು. ಸುತ್ತಲೂ ಸಮುದ್ರ, ಅದನ್ನು ಕಾಯಲು ಜಗತ್ತಿನ ಬಲಿಷ್ಠ ನೌಕಾಪಡೆ. ಶತಮಾನಗಳಿಂದ ಆ ಭರವಸೆಯಲ್ಲೇ ಬದುಕಿದ್ದ ಜನರ ತಲೆಯ ಮೇಲೆ ಈಗ ಕತ್ತಲಲ್ಲಿ ಬಾಂಬು ಬೀಳುತ್ತಿತ್ತು. ವರ್ಷಕ್ಕೂ ಹೆಚ್ಚು ಕಾಲ, ಬ್ರಿಟನ್ನಿನ ನೆಲದ ಮೇಲೆ ಒಂದು ವಾಯುನೌಕೆಯನ್ನೂ ವಿಮಾನದಿಂದ ಹೊಡೆದು ಕೆಡವಲು ಆಗಿರಲಿಲ್ಲ.

ಮೂರನೆಯ ಡ್ರಮ್

ಕಾರಣ ಸರಳವಾಗಿತ್ತು. ವಾಯುನೌಕೆಯ ಹೊಟ್ಟೆಯಲ್ಲಿರುವ ಹೈಡ್ರೋಜನ್ ಬೇಗ ಹೊತ್ತಿಕೊಳ್ಳುವ ಅನಿಲವೇ ನಿಜ, ಆದರೆ ಗಾಳಿಯೊಂದಿಗೆ ಬೆರೆತರೆ ಮಾತ್ರ. ಸಾಮಾನ್ಯ ಗುಂಡು ಅನಿಲ ತುಂಬಿದ ಚೀಲಕ್ಕೆ ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತಿತ್ತು. 1916ರ ಬೇಸಿಗೆಯಲ್ಲಿ, ಸಿಡಿಯುವ ಗುಂಡು ಮತ್ತು ಬೆಂಕಿ ಹಚ್ಚುವ ಗುಂಡುಗಳನ್ನು ಬಂದೂಕಿನ ಒಂದೇ ಡ್ರಮ್ಮಿನಲ್ಲಿ, ಅಂದರೆ ಗುಂಡು ತುಂಬುವ ದುಂಡನೆಯ ಪೆಟ್ಟಿಗೆಯಲ್ಲಿ, ಬೆರೆಸಿ ತುಂಬುವ ಕ್ರಮ ಬಂತು. ಒಂದು ಬಗೆಯ ಗುಂಡು ಚೀಲ ಹರಿದು ಗಾಳಿ ಬೆರೆಸಬೇಕು, ಇನ್ನೊಂದು ಕಿಡಿ ಹೊತ್ತಿಸಬೇಕು.

ರಾಬಿನ್ಸನ್ ಹಾರಿಸುತ್ತಿದ್ದದ್ದು ಬಿ.ಇ. 2ಸಿ ವಿಮಾನ. ಫ್ರಾನ್ಸಿನ ರಣರಂಗದಲ್ಲಿ ಅದಕ್ಕೆ ಕೆಟ್ಟ ಹೆಸರು. ನಿಧಾನ, ತಿರುಗಿಸುವುದು ಕಷ್ಟ, ಶತ್ರುವಿಗೆ ಸುಲಭದ ಬೇಟೆ. ಆದರೆ ಅಲುಗಾಡದೆ ನೇರವಾಗಿ ಹಾರುವ ಅದೇ ಗುಣ ಕತ್ತಲಲ್ಲಿ ಒಬ್ಬನೇ ಹಾರುವವನಿಗೆ ವರವಾಯಿತು. ರಾತ್ರಿ 11 ಗಂಟೆ ದಾಟಿದ ಮೇಲೆ ಹಾರ್ನ್‌ಚರ್ಚ್ ಬಳಿಯ ಸಟನ್ಸ್ ಫಾರ್ಮ್‌ನಿಂದ ಅವನು ಮೇಲೇರಿದ. ಗಂಟೆಗಟ್ಟಲೆ ಸುತ್ತಿದ ಮೇಲೆ ಒಂದು ವಾಯುನೌಕೆ ಕಂಡಿತು, ಅದು ಮೋಡದಲ್ಲಿ ಮರೆಯಾಗಿ ಕೈತಪ್ಪಿತು. ಆಮೇಲೆ ಸರ್ಚ್‌ಲೈಟಿಗೆ ಸಿಕ್ಕಿದ ಇನ್ನೊಂದರ ಬೆನ್ನು ಹತ್ತಿದ. ಅದರ ಕೆಳಗೆ ಹಾರುತ್ತಾ ಉದ್ದಕ್ಕೂ ಒಂದು ಡ್ರಮ್ ಗುಂಡು ಹಾರಿಸಿದ. ಏನೂ ಆಗಲಿಲ್ಲ. ಪಕ್ಕಕ್ಕೆ ಬಂದು ಎರಡನೆಯ ಡ್ರಮ್ ಖಾಲಿ ಮಾಡಿದ. ಆಗಲೂ ಏನೂ ಆಗಲಿಲ್ಲ. ಮೂರನೆಯದನ್ನು ಇಡಿಯಾಗಿ ಹಿಂಭಾಗದ ಒಂದೇ ಜಾಗಕ್ಕೆ ಹೊಡೆದ. ಡ್ರಮ್ ಮುಗಿಯುವಷ್ಟರಲ್ಲಿ ಒಳಗಿನಿಂದ ಬೆಳಕು ಕಾಣಿಸಿಕೊಂಡಿತು, ಕೆಲವೇ ಕ್ಷಣಗಳಲ್ಲಿ ಹಿಂಭಾಗವೆಲ್ಲ ಧಗಧಗನೆ ಉರಿಯತೊಡಗಿತು. ಬೀಳುತ್ತಿದ್ದ ನೌಕೆಯ ದಾರಿಯಿಂದ ಅವನು ಸರಕ್ಕನೆ ಪಕ್ಕಕ್ಕೆ ಸರಿದ. ಇಂಧನ ಮುಗಿಯುತ್ತಾ ಬಂದಾಗ ನೆಲಕ್ಕಿಳಿದು ನೋಡಿದರೆ, ಅವನದೇ ಗುಂಡುಗಳು ತಾಗಿ ಅವನ ವಿಮಾನದ ಮೇಲಿನ ರೆಕ್ಕೆಯ ನಡುಭಾಗ ಹರಿದುಹೋಗಿತ್ತು.

ಎರಡು ದಿನದಲ್ಲಿ ವಿಕ್ಟೋರಿಯಾ ಕ್ರಾಸ್

ಮಾರನೆಯ ದಿನ ಭಾನುವಾರ. ಕಫ್ಲಿಗೆ ರೈಲುಗಳು ತುಂಬಿ ಬಂದವು. ಸೈಕಲ್ ತುಳಿದು, ನಡೆದು ಸಾವಿರಾರು ಜನ ಅವಶೇಷ ನೋಡಲು ನೆರೆದರು. ಸುಟ್ಟುಳಿದ ತಂತಿಯ ತುಂಡುಗಳನ್ನು ರೆಡ್ ಕ್ರಾಸ್ ಗಾಯಾಳು ಸೈನಿಕರ ನಿಧಿಗಾಗಿ ಮಾರಿತು. ಸೆಪ್ಟೆಂಬರ್ 5ರಂದು ರಾಬಿನ್ಸನ್‌ಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಸಾಹಸ ನಡೆದು ಎರಡೇ ದಿನಕ್ಕೆ! ಸಾಮಾನ್ಯವಾಗಿ ತಿಂಗಳುಗಟ್ಟಲೆ ಪರಿಶೀಲನೆ ನಡೆಯುವ ಪದಕವದು. ವಿಂಡ್ಸರ್ ಅರಮನೆಯಲ್ಲಿ ರಾಜನೇ ಅದನ್ನು ತೊಡಿಸಿದ. ವಾಯುನೌಕೆ ಕೆಡವಿದವರಿಗೆಂದು ಶ್ರೀಮಂತರು ಘೋಷಿಸಿದ್ದ ಬಹುಮಾನಗಳೆಲ್ಲ ಸೇರಿ 3,500 ಪೌಂಡ್ ಆಯಿತು. ಪೋಸ್ಟ್‌ಕಾರ್ಡುಗಳಲ್ಲಿ ಅವನ ಮುಖ ಅಚ್ಚಾಯಿತು. ಹುಟ್ಟಿದ ಕೂಸುಗಳಿಗೆ, ಹೂವುಗಳಿಗೆ, ಟೋಪಿಗಳಿಗೂ ತನ್ನ ಹೆಸರಿಡುತ್ತಿದ್ದಾರೆ, ಇದೆಲ್ಲ ಅತಿಯಾಯಿತು ಎಂದು ಅವನು ಅಪ್ಪ ಅಮ್ಮನಿಗೆ ಕಾಗದ ಬರೆದ.

ಈ ಸಂಭ್ರಮದ ನಡುವೆ ಒಂದು ಸುಳ್ಳು ಸದ್ದಿಲ್ಲದೆ ನಡೆದುಹೋಯಿತು. ಬಿದ್ದದ್ದು ‘ಜೆಪೆಲಿನ್ ಎಲ್ 21’ ಎಂದು ಜನರಿಗೆ ಹೇಳಲಾಯಿತು. ನಿಜವಾಗಿ ಅದು ಜೆಪೆಲಿನ್ ಅಲ್ಲವೇ ಅಲ್ಲ. ಎಸ್‌ಎಲ್ 11 ಎಂಬ ಆ ನೌಕೆಯನ್ನು ಕಟ್ಟಿದ್ದು ಜೆಪೆಲಿನ್‌ಗೆ ಪೈಪೋಟಿಯಾಗಿದ್ದ ಶೂಟೆ-ಲಾನ್ಸ್ ಸಂಸ್ಥೆ. ಅದರ ಚೌಕಟ್ಟು ಅಲ್ಯೂಮಿನಿಯಂ ಅಲ್ಲ, ಮರ. ಜನರ ಸಿಟ್ಟು ನೆಟ್ಟಿದ್ದು ‘ಜೆಪೆಲಿನ್’ ಎಂಬ ಹೆಸರಿನ ಮೇಲೆ. ಅಪರಿಚಿತ ಕಂಪನಿಯ ಮರದ ನೌಕೆ ಬಿತ್ತು ಎಂದರೆ ಆ ಗೆಲುವು ಪೂರ್ತಿ ಅನಿಸುತ್ತಿರಲಿಲ್ಲ. ನಿಜವಾದ ಎಲ್ 21 ಇನ್ನೂ ಮೂರು ತಿಂಗಳು ಹಾರಿ, ನವೆಂಬರ್ 28ರಂದು ಸಮುದ್ರಕ್ಕೆ ಬಿತ್ತು.

ರಾಬಿನ್ಸನ್‌ನ ಸಾಹಸ ಇದರಿಂದ ಕಿರಿದಾಗುವುದಿಲ್ಲ. ಅವನು ಮಾಡಿದ್ದು ಅಪ್ಪಟ ಧೈರ್ಯದ ಕೆಲಸ. ಆದರೆ ಧೈರ್ಯ ಅವನದು, ಚಿತ್ರ ಅವನದಲ್ಲ. ಆ ಚಿತ್ರವನ್ನು ಸರ್ಕಾರ, ಪತ್ರಿಕೆ ಮತ್ತು ಹೆದರಿದ ಒಂದು ನಗರ ಸೇರಿ ಬರೆದವು. ಯಾರಿಗೆ ಏನು ಬೇಕಿತ್ತೋ ಅದನ್ನು ಅದರಲ್ಲಿ ತುಂಬಿದರು.

ಬಿದ್ದ ನೌಕೆಯಲ್ಲಿದ್ದ 16 ಮಂದಿಯೂ ಸತ್ತರು. ಅವರ ನಾಯಕ ವಿಲ್ಹೆಲ್ಮ್ ಶ್ರಾಮ್ ಹುಟ್ಟಿದ್ದು ಲಂಡನ್ನಿನ ಚಾರ್ಲ್ಟನ್‌ನಲ್ಲಿ. ಲಂಡನ್ನಿನಲ್ಲಿ ಹುಟ್ಟಿದವನು ಲಂಡನ್ ಸುಡಲು ಬಂದಿದ್ದ, ಕೊಡಗಿನಲ್ಲಿ ಹುಟ್ಟಿದವನು ಅವನನ್ನು ತಡೆದ. ಈ ಸಂಗತಿಗೆ ಪೋಸ್ಟ್‌ಕಾರ್ಡಿನಲ್ಲಿ ಜಾಗವಿರಲಿಲ್ಲ.

ಕಂದಕದಲ್ಲಿ ಕಾಣದ ಮುಖ

ಪೈಲಟ್‌ಗಳನ್ನೇ ಹೀಗೆ ಎತ್ತಿ ಮೆರೆಸಿದ್ದೇಕೆ? ನೆಲದ ಮೇಲೆ ನಡೆಯುತ್ತಿದ್ದ ಯುದ್ಧದಲ್ಲಿ ಮೆರೆಸಲು ಯಾರ ಮುಖವೂ ಕಾಣುತ್ತಿರಲಿಲ್ಲ. ರಾಬಿನ್ಸನ್ ಹಾರಿದ ಆ ಬೇಸಿಗೆಯಲ್ಲೇ, 1916ರ ಜುಲೈ 1ರಂದು, ಸೋಮ್ ಕದನದ ಮೊದಲ ದಿನ ಬ್ರಿಟಿಷ್ ಸೇನೆಯ ಸುಮಾರು 19,000 ಸೈನಿಕರು ಸತ್ತಿದ್ದರು. ಕಂದಕದ ಕೆಸರಿನಲ್ಲಿ, ಫಿರಂಗಿಯ ಹೊಡೆತಕ್ಕೆ, ಕೊಂದವನ ಗುರುತೂ ಇಲ್ಲದೆ ಸಾಯುವವರನ್ನು ಇಟ್ಟುಕೊಂಡು ವೀರಗಾಥೆ ಕಟ್ಟುವುದು ಹೇಗೆ? ಆಕಾಶದಲ್ಲಿ ಮಾತ್ರ ಒಬ್ಬನಿಗೆ ಒಬ್ಬ ಎದುರಾಗುತ್ತಿದ್ದ. ಅಲ್ಲಿ ಗೆಲುವನ್ನು ಬೆರಳೆಣಿಸಿ ಹೇಳಬಹುದಿತ್ತು.

ಜರ್ಮನಿ ಇದನ್ನು ಬೇಗನೆ ಅರಿಯಿತು. ಎಂಟು ವಿಮಾನ ಕೆಡವಿದ್ದಕ್ಕೆ ಓಸ್ವಾಲ್ಡ್ ಬೋಲ್ಕೆ ಮತ್ತು ಮ್ಯಾಕ್ಸ್ ಇಮ್ಮೆಲ್‌ಮನ್‌ಗೆ 1916ರ ಜನವರಿ 12ರಂದು ದೇಶದ ಅತಿ ದೊಡ್ಡ ಸೈನಿಕ ಪದಕ ಕೊಟ್ಟಿತು. ಬರ್ಲಿನ್ನಿನ ವಿಲ್ಲಿ ಸಾಂಕೆ ಎಂಬ ಪ್ರಕಾಶಕ ಪೈಲಟ್‌ಗಳ ಫೋಟೊಗಳನ್ನು ನಂಬರು ಹಾಕಿ ಪೋಸ್ಟ್‌ಕಾರ್ಡುಗಳಾಗಿ ಮಾರಿದ, ಹುಡುಗರು ಅವುಗಳನ್ನು ಸಂಗ್ರಹಿಸಿದರು. ಫ್ರಾನ್ಸಿನಲ್ಲಿ ಜಾರ್ಜ್ ಗಿನೆಮೇರ್ ಎಂಬ ಬಡಕಲು ಯುವಕ 53 ವಿಮಾನ ಕೆಡವಿ, 1917ರ ಸೆಪ್ಟೆಂಬರ್ 11ರಂದು ಕಾಣೆಯಾದ. ಹಿಂದಿರುಗಿ ಬರಲಾಗದಷ್ಟು ಎತ್ತರಕ್ಕೆ ಅವನು ಹಾರಿಹೋದ ಎಂದು ಮಕ್ಕಳಿಗೆ ಹೇಳಲಾಯಿತು. ಬ್ರಿಟಿಷ್ ಸೇನೆ ಮಾತ್ರ, ಇದು ತಂಡದ ಕೆಲಸ, ಒಬ್ಬೊಬ್ಬರ ಹೆಸರು ಹೇಳಬಾರದು ಎಂಬ ನಿಲುವಿನಲ್ಲಿತ್ತು. ಪತ್ರಿಕೆಗಳ ಒತ್ತಡದ ಮುಂದೆ ಅದೂ ಸಡಿಲವಾಯಿತು. 1917ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲಾಯ್ಡ್ ಜಾರ್ಜ್ ಸಂಸತ್ತಿನಲ್ಲಿ ಮಾತಾಡುತ್ತಾ, ಹಾರಾಟಗಾರರನ್ನು ಹಳೆಯ ಕಾಲದ ಕುದುರೆ ಸವಾರ ವೀರರಿಗೆ ಹೋಲಿಸಿದ.

ಆ ಹೋಲಿಕೆ ಮರೆಸಿದ್ದು ಬಹಳ. ವಿಮಾನಗಳ ಮುಖ್ಯ ಕೆಲಸ ಕಾಳಗವೇ ಆಗಿರಲಿಲ್ಲ. ಶತ್ರುವಿನ ಕಂದಕಗಳ ಫೋಟೊ ತೆಗೆಯುವುದು, ಫಿರಂಗಿಯ ಗುಂಡು ಎಲ್ಲಿ ಬಿತ್ತೆಂದು ಕೆಳಗಿನವರಿಗೆ ತಿಳಿಸುವುದು — ಯುದ್ಧದ ಹಾದಿಯನ್ನು ತಿರುಗಿಸಿದ್ದು ಇವು. ಎರಡು ಸೀಟಿನ ನಿಧಾನದ ವಿಮಾನಗಳಲ್ಲಿ ಈ ಕೆಲಸ ಮಾಡಿದವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಪ್ರಸಿದ್ಧ ಬೇಟೆಗಾರರ ಲೆಕ್ಕದಲ್ಲಿ ಒಂದೊಂದು ಅಂಕಿಯಾಗಿ ಸೇರಿಹೋದವರಲ್ಲಿ ಬಹಳಷ್ಟು ಮಂದಿ ಇವರೇ.

ಹಾರಾಟಗಾರನ ಗುರುತಾಗಿ ಉಳಿದ ಆ ರೇಷ್ಮೆ ಸ್ಕಾರ್ಫನ್ನೇ ನೋಡಿ. ಶತ್ರು ಯಾವ ದಿಕ್ಕಿನಿಂದ ಬರುತ್ತಾನೆಂದು ಕತ್ತು ತಿರುಗಿಸುತ್ತಲೇ ಇರಬೇಕಿದ್ದುದರಿಂದ ಒರಟು ಕಾಲರ್ ಉಜ್ಜಿ ಚರ್ಮ ಸುಲಿಯುತ್ತಿತ್ತು. ರೇಷ್ಮೆ ಅದನ್ನು ತಡೆಯುತ್ತಿತ್ತು. ಜೊತೆಗೆ ಆ ಕಾಲದ ಎಷ್ಟೋ ವಿಮಾನಗಳಲ್ಲಿ ಪ್ರೊಪೆಲ್ಲರ್ ಜೊತೆಗೆ ಎಂಜಿನ್ನೇ ಗಿರಗಿರನೆ ತಿರುಗುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ. ಪೆಟ್ರೋಲಿನಲ್ಲಿ ಕರಗದ, ಆ ಕಾವಿನಲ್ಲೂ ಜಾರುಗುಣ ಕಳೆದುಕೊಳ್ಳದ ಎಣ್ಣೆ ಅದೇ. ಹರಳು ಬೀಜದ ದೊಡ್ಡ ಮೂಲ ಆಗ ಭಾರತವೇ. ಎಂಜಿನ್ ಬಳಸಿದ ಎಣ್ಣೆ ಮತ್ತೆ ಟ್ಯಾಂಕಿಗೆ ಹೋಗುತ್ತಿರಲಿಲ್ಲ. ಹೊಗೆಯಾಗಿ, ಹನಿಯಾಗಿ ಹಿಂದೆ ಕುಳಿತ ಪೈಲಟ್‌ನ ಮುಖಕ್ಕೆ ಎರಚುತ್ತಿತ್ತು. ಗಾಗಲ್ಸ್ ಒರೆಸಿಕೊಳ್ಳಲು ಅದೇ ಸ್ಕಾರ್ಫ್ ಬೇಕಿತ್ತು. ಗಂಟೆಗಟ್ಟಲೆ ಹರಳೆಣ್ಣೆಯ ಹೊಗೆ ಕುಡಿದವರ ಹೊಟ್ಟೆ ಏನಾಗುತ್ತಿತ್ತೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಲೂನಿನಲ್ಲಿ ಕುಳಿತು ವೀಕ್ಷಿಸುವವರಿಗೆ ಪ್ಯಾರಾಚೂಟ್ ಇತ್ತು, ಬ್ರಿಟಿಷ್ ವಿಮಾನದ ಪೈಲಟ್‌ಗೆ ಯುದ್ಧ ಮುಗಿಯುವವರೆಗೂ ಸಿಗಲಿಲ್ಲ. ಬೆಂಕಿ ಹತ್ತಿದರೆ ಸುಟ್ಟುಕೊಳ್ಳಬೇಕು, ಇಲ್ಲವೇ ಹಾರಬೇಕು. ಬ್ರಿಟನ್ನಿನ ಹೆಸರಾಂತ ಪೈಲಟ್ ಮಿಕ್ ಮ್ಯಾನಕ್ ಈ ಭಯಕ್ಕೇ ಸದಾ ರಿವಾಲ್ವರ್ ಇಟ್ಟುಕೊಂಡಿರುತ್ತಿದ್ದ. 1918ರ ಜುಲೈ 26ರಂದು ಅವನ ವಿಮಾನ ಉರಿಯುತ್ತಲೇ ನೆಲಕ್ಕೆ ಬಿತ್ತು.

ರಿಕ್ಟ್‌ಹೋಫನ್‌ನ ಎದುರು

1917ರ ಏಪ್ರಿಲ್ 5ರಂದು ರಾಬಿನ್ಸನ್ ಫ್ರಾನ್ಸಿನ ಆಕಾಶದಲ್ಲಿದ್ದ. ಈಗ ಅವನು 48ನೇ ಸ್ಕ್ವಾಡ್ರನ್ನಿನ ಫ್ಲೈಟ್ ಕಮಾಂಡರ್. ಬ್ರಿಟಿಷರು ಬಹಳ ಭರವಸೆ ಇಟ್ಟಿದ್ದ ಹೊಸ ಬ್ರಿಸ್ಟಲ್ ಫೈಟರ್‌ಗಳು ರಣರಂಗಕ್ಕೆ ಇಳಿದ ಮೊದಲ ದಿನವದು. ಆರು ವಿಮಾನಗಳ ಮುಂದಾಳತ್ವ ಅವನದು. ಎದುರಾದದ್ದು ಕೆಂಪು ಅಲ್ಬಾಟ್ರೋಸ್ ವಿಮಾನ ಹಾರಿಸುತ್ತಿದ್ದ ಜರ್ಮನಿಯ ಹೆಸರಾಂತ ಪೈಲಟ್ ಮ್ಯಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫನ್‌ನ ತಂಡ, ಐದು ವಿಮಾನ. ಎರಡು ದೇಶಗಳು ಬರೆದಿದ್ದ ಎರಡು ಪ್ರಸಿದ್ಧ ಚಿತ್ರಗಳು ಅಂದು ಮುಖಾಮುಖಿಯಾದವು.

ಕಾಳಗ ಬೇಗ ಮುಗಿಯಿತು. ಆರು ಬ್ರಿಸ್ಟಲ್‌ಗಳಲ್ಲಿ ನಾಲ್ಕು ಬಿದ್ದವು. ಹಳೆಯ ಪದ್ಧತಿಯಂತೆ ಗುಂಪಾಗಿ ಹಾರುತ್ತಾ, ಹಿಂದೆ ಕುಳಿತ ವೀಕ್ಷಕರ ಬಂದೂಕನ್ನೇ ನೆಚ್ಚಿಕೊಂಡದ್ದು ಮುಳುವಾಯಿತು. ಅದೇ ವಿಮಾನವನ್ನು ಮುಂದಿನ ತಿಂಗಳುಗಳಲ್ಲಿ ನುಗ್ಗಿ ಹೊಡೆಯಲು ಬಳಸಿದಾಗ, ಯುದ್ಧದ ಅತ್ಯುತ್ತಮ ವಿಮಾನಗಳಲ್ಲಿ ಒಂದೆನಿಸಿತು. ರಾಬಿನ್ಸನ್‌ನನ್ನು ಕೆಡವಿದ ಸೆಬಾಸ್ಟಿಯನ್ ಫೆಸ್ಟ್‌ನರ್ ಇಪ್ಪತ್ತೇ ದಿನಕ್ಕೆ ಸತ್ತ. ಬದುಕುಳಿದು ಸೆರೆಸಿಕ್ಕ ರಾಬಿನ್ಸನ್‌ಗೆ, ವಾಯುನೌಕೆ ಕೆಡವಿದವನೆಂಬ ಖ್ಯಾತಿ ಜರ್ಮನಿಯ ಸೆರೆಶಿಬಿರಗಳಲ್ಲಿ ಹೊರೆಯಾಯಿತು. ಮತ್ತೆಮತ್ತೆ ತಪ್ಪಿಸಿಕೊಳ್ಳಲು ನೋಡಿದ, ಒಂಟಿ ಸೆರೆ ಅನುಭವಿಸಿದ, ಹೋಲ್ಜ್‌ಮಿಂಡೆನ್ ಶಿಬಿರದಲ್ಲಿ ಕಠಿಣ ಹಿಂಸೆ ಉಂಡ. ಯುದ್ಧ ಮುಗಿದು 1918ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿಗೆ ಮರಳುವಾಗ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ವರ್ಷದ ಕೊನೆಯ ದಿನ ಸ್ಪ್ಯಾನಿಷ್ ಫ್ಲೂ ಅವನನ್ನು ಕೊಂಡೊಯ್ಯಿತು. ವಯಸ್ಸು 23.

ಚಿತ್ರದ ಹೊರಗೆ ಉಳಿದವರು

ಭಾರತೀಯರಿಗೆ ಈ ಚಿತ್ರದೊಳಗೆ ಬರುವ ಬಾಗಿಲೇ ಮುಚ್ಚಿತ್ತು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಹರದಿತ್ ಸಿಂಗ್ ಮಲಿಕ್ ಮೊದಲು ಫ್ರೆಂಚ್ ರೆಡ್ ಕ್ರಾಸ್‌ನಲ್ಲಿ ಆಂಬುಲೆನ್ಸ್ ಓಡಿಸಬೇಕಾಯಿತು. ಫ್ರೆಂಚ್ ವಾಯುಪಡೆ ಸೇರಲು ಅವರು ಹೊರಟಾಗ, ಅವರ ಗುರುಗಳು ಬ್ರಿಟಿಷ್ ಜನರಲ್ ಹೆಂಡರ್ಸನ್‌ಗೆ ಪತ್ರ ಬರೆದರು. ಆಮೇಲಷ್ಟೇ 1917ರಲ್ಲಿ ಬಾಗಿಲು ತೆರೆಯಿತು. ಪೇಟದ ಮೇಲೆ ಹೊಂದುವಂಥ ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡು ಅವರು ಹಾರಿದರು. ಸ್ವಾತಂತ್ರ್ಯದ ನಂತರ ಫ್ರಾನ್ಸಿಗೆ ಭಾರತದ ರಾಯಭಾರಿಯಾದರು. ಕೋಲ್ಕತ್ತದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಸುಮಾರು ಎರಡು ವಾರದೊಳಗೆ 10 ವಿಮಾನ ಕೆಡವಿ, 22ರಂದು ತಾನೂ ಬಿದ್ದ. ಅವನಿಗಿನ್ನೂ 19 ವರ್ಷ. ಭಾರತೀಯನೊಬ್ಬನಿಗೆ ಮೊದಲ ಸಲ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಸಂದದ್ದು ಅವನು ಸತ್ತ ಮೇಲೆ.

ಕೆಳಗೆ ನೆಲದ ಮೇಲಿದ್ದವರೂ ಚಿತ್ರದ ಹೊರಗೇ ಉಳಿದರು. 1917ರ ಜೂನ್ 13ರಂದು ಹಗಲು ಹೊತ್ತಿನಲ್ಲೇ ಜರ್ಮನಿಯ ಗೋಥಾ ವಿಮಾನಗಳು ಲಂಡನ್ ಮೇಲೆ ಬಂದವು. ಪಾಪ್ಲರ್ ಬಡಾವಣೆಯ ಶಾಲೆಯೊಂದರ ಮೇಲೆ ಬಿದ್ದ ಬಾಂಬಿಗೆ 18 ಮಕ್ಕಳು ಬಲಿಯಾದರು, ಹೆಚ್ಚಿನವರು ಐದು ವರ್ಷದ ಆಸುಪಾಸಿನವರು. ಆ ದಿನ ಸತ್ತವರು 162 ಮಂದಿ. ಸಿಟ್ಟಿಗೆದ್ದ ಜನರ ಒತ್ತಡದಿಂದ ಸಮಿತಿಯಾಯಿತು, ವರದಿ ಬಂತು, 1918ರ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಹುಟ್ಟಿತು.

ಮಕ್ಕಳ ಸಾವಿನ ನೋವಿನಿಂದ ಹುಟ್ಟಿದ ಆ ಪಡೆ 1919ರ ಮೇ 24ರಂದು ಕಾಬೂಲ್ ಮೇಲೆ ಬಾಂಬು ಹಾಕಿತು. 1925ರಲ್ಲಿ ವಜೀರಿಸ್ತಾನದ ಹಳ್ಳಿಗಳ ಮೇಲೆ ವಾರಗಟ್ಟಲೆ ಬಾಂಬು ಸುರಿಯಿತು. ಅದೇ ವರ್ಷಗಳಲ್ಲಿ ಲಂಡನ್ ಬಳಿಯ ಹೆಂಡನ್‌ನಲ್ಲಿ 1920ರಿಂದ ವರ್ಷವರ್ಷವೂ ವಿಮಾನ ಪ್ರದರ್ಶನ ನಡೆಯುತ್ತಿತ್ತು. ಮರುಭೂಮಿಯ ಕೋಟೆಯಂತೆ, ವಸಾಹತಿನ ಹಳ್ಳಿಯಂತೆ ಕಟ್ಟಿದ ಸೆಟ್‌ಗಳನ್ನು ವಿಮಾನಗಳು ಬಾಂಬು ಹಾಕಿ ಉರುಳಿಸುವುದು ಅಲ್ಲಿನ ಮುಖ್ಯ ಆಕರ್ಷಣೆಗಳಲ್ಲೊಂದು. ಜನ ಕುಟುಂಬ ಸಮೇತ ಬಂದು ಚಪ್ಪಾಳೆ ತಟ್ಟಿದರು. ಕಫ್ಲಿಯಲ್ಲಿ ಕಾಪಾಡುವವನಾಗಿದ್ದ ಹಾರಾಟಗಾರನ ಹೊಳಪು ಈಗ ಹಳ್ಳಿ ಸುಡುವ ಕೆಲಸಕ್ಕೂ ಮೆರುಗು ಕೊಡುತ್ತಿತ್ತು. ಈ ಬಗೆಯ ಚಿತ್ರಗಳ ನಿಜವಾದ ಅಪಾಯ ಇದು. ಒಬ್ಬನ ಧೈರ್ಯಕ್ಕೆ ಸಂದ ಗೌರವವನ್ನು ಮುಂದೆ ಯಾವ ಕೆಲಸಕ್ಕೆ ಬೇಕಾದರೂ ಬಳಸಿಕೊಳ್ಳಬಹುದು.

ಕೊಡಗಿನ ಇನ್ನೊಬ್ಬ ಪೈಲಟ್

ಅದೇ ಕೊಡಗಿನ ಮಣ್ಣಿನ ಇನ್ನೊಬ್ಬ ಹಾರಾಟಗಾರರನ್ನು ಇಲ್ಲಿ ನೆನೆಯಲೇಬೇಕು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟಿದ್ದರು. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಎದುರಾದಾಗ ಅದನ್ನು ಹೊಡೆದುರುಳಿಸಿ, ತಾವೂ ಅಲ್ಲೇ ಪ್ರಾಣ ಬಿಟ್ಟರು. ಅದನ್ನು ಕಂಡ ಭಾರತೀಯರು ಯಾರೂ ಇರಲಿಲ್ಲ, ಕಾಣೆಯಾದವರ ಪಟ್ಟಿಗೆ ಅವರ ಹೆಸರು ಸೇರಿತು. ಬ್ರಿಟಿಷ್ ಲೇಖಕನೊಬ್ಬ 1979ರಲ್ಲಿ ಬರೆದ ಪುಸ್ತಕದಿಂದ ನಿಜ ಹೊರಬಂತು. ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ನಂತರ. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ.

ಒಬ್ಬನಿಗೆ ಎರಡು ದಿನ, ಇನ್ನೊಬ್ಬರಿಗೆ 23 ವರ್ಷ. ಇಬ್ಬರ ಧೈರ್ಯದಲ್ಲಿ ಅಷ್ಟು ಅಂತರವಿರಲಿಲ್ಲ. ಒಬ್ಬನ ಸಾಹಸ ಇಡೀ ಲಂಡನ್ ನಗರದ ಕಣ್ಣೆದುರು, ನಗರಕ್ಕೆ ವೀರನೊಬ್ಬ ತುರ್ತಾಗಿ ಬೇಕಾಗಿದ್ದ ಹೊತ್ತಿನಲ್ಲಿ ನಡೆಯಿತು. ಇನ್ನೊಬ್ಬರದು ಶತ್ರುವಿನ ನೆಲದ ಮೇಲೆ ಸಾಕ್ಷಿಯಿಲ್ಲದೆ ನಡೆಯಿತು. ಪದಕ ಮತ್ತು ಪ್ರಚಾರ ಹೇಳುವುದು ನೋಡಿದವರು ಎಷ್ಟು ಮಂದಿ ಎಂಬುದನ್ನು, ಆ ಹೊತ್ತಿಗೆ ಯಾರಿಗೆ ಏನು ಬೇಕಿತ್ತು ಎಂಬುದನ್ನು. ಧೈರ್ಯದ ಅಳತೆ ಅವುಗಳಿಂದ ಸಿಗುವುದಿಲ್ಲ.

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ನಡೆಯುತ್ತಿದೆ. ಅಲ್ಲಿ ಮಕ್ಕಳು ತಲೆಯೆತ್ತಿ ಬೆರಗಿನಿಂದ ನೋಡುತ್ತಾರೆ. ಆ ಬೆರಗು ಒಳ್ಳೆಯದೇ, ನಾಳೆಯ ಎಂಜಿನಿಯರುಗಳೂ ಪೈಲಟ್‌ಗಳೂ ಅದರಿಂದಲೇ ಹುಟ್ಟುತ್ತಾರೆ. ಅದರ ಜೊತೆಗೇ ಪಾಲಿಬೆಟ್ಟದ ಹುಡುಗನ ಕಥೆಯನ್ನು ಪೂರ್ತಿಯಾಗಿ ಅವರಿಗೆ ಹೇಳಬೇಕು. ಅವನ ಮೂರನೆಯ ಡ್ರಮ್, ಉರಿದುಹೋದ 16 ಮಂದಿ, ಸರ್ಕಾರ ಹೇಳಿದ ಸುಳ್ಳು, ಪಾಪ್ಲರ್ ಶಾಲೆಯ ಮಕ್ಕಳು, ವಜೀರಿಸ್ತಾನದ ಹಳ್ಳಿಗಳು, ಎಲ್ಲವನ್ನೂ ಒಟ್ಟಿಗೆ. ಇಷ್ಟು ತಿಳಿದ ಮೇಲೂ ಹಾರಾಟಗಾರನ ಮೇಲೆ ಗೌರವ ಉಳಿಯುತ್ತದೆ. ಹಾಗೆ ಉಳಿದ ಗೌರವವನ್ನು ಯಾವ ಸರ್ಕಾರವೂ ತನಗೆ ಬೇಕಾದ ಕೆಲಸಕ್ಕೆ ಸುಲಭವಾಗಿ ಬಳಸಿಕೊಳ್ಳಲಾರದು.